ಬೊಟ್ಟಿನ ಕೆಳಗಿನ ಬಿಳಿ

ಸಂಜೆ ನಾರಿನ ಫ್ಯಾಕ್ಟರಿಯಿಂದ ಬಂದ ಹೆಣ್ಣುಮಕ್ಕಳು ಮುಖ ತೊಳೆಯುವ ಮುಂಚೆ ಹಣೆಯ ಸ್ಟಿಕ್ಕರ್ ಕಿತ್ತು ಬಚ್ಚಲುಮನೆ ಕನ್ನಡಿಯ ಅಂಚಿಗೆ ಅಂಟಿಸುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಯಾವ ಮನೆಗೆ ಹೋದರೂ ಆ ಅಂಚಿನಲ್ಲಿ ನಾಲ್ಕೈದು ಬೊಟ್ಟು ಸಾಲಾಗಿ ಕೂತಿರುತ್ತವೆ. ಅಂಟು ಇರುವವರೆಗೆ ಒಂದೇ ಬೊಟ್ಟು ವಾರಗಟ್ಟಲೆ ನಡೆಯುತ್ತದೆ. ಹೀಗೆ ಕಿತ್ತಾಗ ಒಂದು ದಿನ ಅದರಡಿ ಅದೇ ಅಳತೆಯ ಬಿಳಿ ಚುಕ್ಕೆ ಕಾಣಿಸುತ್ತದೆ. ಅತ್ತೆಗೆ ಹೇಳುವಂತಿಲ್ಲ, ಗಂಡನಿಗೆ ಹೇಳಲು ಧೈರ್ಯವಿಲ್ಲ. ಮುಂದಿನ ಸಂತೆಯಲ್ಲಿ ಒಂದು ಸುತ್ತು ದೊಡ್ಡ ಬೊಟ್ಟು ಮನೆಗೆ ಬರುತ್ತದೆ. ಕೆಲವು ತಿಂಗಳಲ್ಲಿ ಚುಕ್ಕೆಯೂ ಒಂದು ಸುತ್ತು ದೊಡ್ಡದಾಗಿರುತ್ತದೆ.

ಚುಕ್ಕೆಯನ್ನು ಬೆಳೆಸಿದ್ದು ಬೊಟ್ಟೇ. ಹಲವು ಸ್ಟಿಕ್ಕರ್‌ಗಳ ಅಂಟಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕ ಇರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಿಗೆ ಮೆಲನೋಸೈಟ್ ಎಂದು ಹೆಸರು. ಅವು ಟೈರೋಸಿನ್ ಎಂಬ ಅಮೈನೊ ಆಮ್ಲವನ್ನು ಟೈರೋಸಿನೇಸ್ ಎಂಬ ಕಿಣ್ವದ ನೆರವಿನಿಂದ ಹಂತಹಂತವಾಗಿ ಮೆಲನಿನ್ ಆಗಿ ಮಾಡುತ್ತವೆ. ಅಂಟಿನ ಫೀನಾಲಿನ ರಚನೆ ಟೈರೋಸಿನ್ನನ್ನೇ ಹೋಲುತ್ತದೆ. ಕಿಣ್ವ ಮೋಸಹೋಗಿ ಅದನ್ನೂ ಕೈಗೆತ್ತಿಕೊಳ್ಳುತ್ತದೆ, ಹುಟ್ಟುವ ವಿಷ ಆ ಜೀವಕೋಶವನ್ನೇ ಕೊಲ್ಲುತ್ತದೆ. ಬಿಳಿಯಾಗುವ ಮುಂಚೆ ಕೆಲವರಿಗೆ ಆ ಜಾಗದಲ್ಲಿ ನವೆ ಇರುತ್ತದೆ, ಕೆಲವರಿಗೆ ಅದೂ ಇಲ್ಲ.

ಹವಾಯಿ ಚಪ್ಪಲಿಯ ಪಟ್ಟಿ ಕೂರುವ ಜಾಗದಲ್ಲಿ, ಪಾದದ ಮೇಲೆ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಬಿಳಿ ಮೂಡುವುದೂ ಇದೇ ಜಾತಿಯದು. ಅಲ್ಲಿ ರಬ್ಬರಿಗೆ ಬೆರೆಸುವ ರಾಸಾಯನಿಕಗಳು ಕಾರಣ. 1939ರಲ್ಲಿ ಅಮೆರಿಕದ ಒಂದು ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ರಬ್ಬರ್ ಕೈಗವಸು ತೊಟ್ಟು ದುಡಿಯುತ್ತಿದ್ದವರ ಕೈಗಳು ಬೆಳ್ಳಗಾದ ವರದಿ ಬಂತು. ಕೈಗವಸಿನ ರಬ್ಬರು ಬೇಗ ಹಾಳಾಗದಿರಲೆಂದು ಹಾಕಿದ್ದ ಹೈಡ್ರೋಕ್ವಿನೋನಿನ ಮಾನೋಬೆಂಜೈಲ್ ಈಥರ್ ಎಂಬ ವಸ್ತುವೇ ಅಪರಾಧಿ. ಮುಂದೆ ಅದೇ ವಸ್ತು ಮುಲಾಮಿನ ರೂಪದಲ್ಲಿ ಔಷಧಿ ಅಂಗಡಿಗೂ ಬಂತು: ಮೈಯ ಬಹುಭಾಗ ಬೆಳ್ಳಗಾಗಿ ಅಲ್ಲಲ್ಲಿ ಮಾತ್ರ ಕಂದು ಉಳಿದವರಿಗೆ ಆ ಉಳಿದದ್ದನ್ನೂ ಅಳಿಸಿ ಒಂದೇ ಬಣ್ಣ ಮಾಡಲು. 2013ರಲ್ಲಿ ಜಪಾನಿನ ಕನೆಬೊ ಕಂಪನಿ ಮುಖ ಬೆಳ್ಳಗಾಗಿಸುವ ಕ್ರೀಮುಗಳನ್ನು ಮಾರುಕಟ್ಟೆಯಿಂದ ವಾಪಸು ಪಡೆಯಬೇಕಾಯಿತು. ಅವುಗಳಲ್ಲಿದ್ದ ರೊಡೊಡೆಂಡ್ರಾಲ್ ಸಾವಿರಾರು ಜನರ ಮುಖ, ಕುತ್ತಿಗೆಗಳಲ್ಲಿ ಬಿಳಿ ಮಚ್ಚೆ ಎಬ್ಬಿಸಿತ್ತು. ನಮ್ಮ ಕಡೆ ಕಪ್ಪು ಮೆಹಂದಿ ಎಂದು ಮಾರುವ ತಲೆ ಬಣ್ಣಗಳೂ ಹಣೆಯ ಮೇಲಂಚಿನಲ್ಲಿ ಈ ಕೆಲಸ ಮಾಡಬಲ್ಲವು.

ಬೊಟ್ಟು ಬಿಟ್ಟರೆ, ಚಪ್ಪಲಿ ಬದಲಿಸಿದರೆ ಕೆಲವರಿಗೆ ಬಣ್ಣ ತಾನೇ ಮರಳುತ್ತದೆ. ಇನ್ನು ಕೆಲವರಲ್ಲಿ ಮಚ್ಚೆ ಅಲ್ಲಿಂದ ಹೊರಟು, ರಾಸಾಯನಿಕ ತಾಗದ ಕಡೆಯಲ್ಲೂ ಏಳುತ್ತದೆ. ಅಷ್ಟು ಹೊತ್ತಿಗೆ ಅದು ನಿಜವಾದ ತೊನ್ನಾಗಿರುತ್ತದೆ. ಮುಚ್ಚಿಟ್ಟ ತಿಂಗಳುಗಳ ಬೆಲೆ ಇದು. ನನ್ನ ಮಟ್ಟಿಗೆ ಬಿಳಿ ಮಚ್ಚೆಯ ವಿಚಾರದಲ್ಲಿ ಈ ಸೀಮೆಯ ದೊಡ್ಡ ತೊಂದರೆ ಕಾಯಿಲೆಯದಲ್ಲ, ಕಳೆದುಕೊಂಡ ಕಾಲದ್ದು.

ಬಿಳಿಗಳಲ್ಲಿ ಹಲವು ಬಗೆ. ಅವನ್ನು ಬೇರೆ ಮಾಡುವುದೇ ಮೊದಲ ಕೆಲಸ, ಅದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ. ಕುತ್ತಿಗೆ, ಎದೆ, ಬೆನ್ನಿನ ಮೇಲೆ ಚಿಕ್ಕಚಿಕ್ಕ ಚುಕ್ಕೆಗಳಾಗಿ ಬಂದು, ಉಗುರಿನಿಂದ ಕೆರೆದರೆ ನವಿರಾಗಿ ಹಿಟ್ಟು ಉದುರಿದರೆ ಅದು ಚಿಬ್ಬು. ಎಣ್ಣೆ ಜಿಡ್ಡನ್ನೇ ತಿಂದು ಬದುಕುವ ಒಂದು ಶಿಲೀಂಧ್ರ ಅದಕ್ಕೆ ಕಾರಣ. ಅದು ಬಿಡುವ ಆಮ್ಲ ಮೆಲನಿನ್ ತಯಾರಿಕೆಗೆ ಅಡ್ಡ ಬರುತ್ತದೆ. ಮೈತುಂಬ ಕೊಬ್ಬರಿ ಎಣ್ಣೆ ಬಳಿದು ಬಿಸಿಲಲ್ಲಿ ಬೆವರುವ ಊರಿನಲ್ಲಿ ಅದಕ್ಕೆ ಬರಗಾಲವೇ ಇಲ್ಲ. ಶಿಲೀಂಧ್ರ ಸತ್ತರೂ ಬಣ್ಣ ತುಂಬಿಕೊಳ್ಳಲು ಕೆಲವು ತಿಂಗಳು ಹಿಡಿಯುವುದರಿಂದ ಮುಲಾಮು ಕೆಲಸ ಮಾಡಲಿಲ್ಲ ಎಂದು ಜನ ಬೈದುಕೊಳ್ಳುತ್ತಾರೆ. ಮಕ್ಕಳ ಕೆನ್ನೆಯ ಮೇಲೆ ಅಂಚು ಸ್ಪಷ್ಟವಿಲ್ಲದೆ ಮಬ್ಬಾಗಿ ಬರುವ ಮಚ್ಚೆಗೆ ಅಜ್ಜಿಯರು "ಹೊಟ್ಟೇಲಿ ಹುಳ ಐತೆ" ಎಂದು ಜಂತುಹುಳುವಿನ ಮಾತ್ರೆ ಕೊಡಿಸುತ್ತಾರೆ. ಮಾತ್ರೆಯಿಂದ ಹುಳು ಹೋಗಬಹುದು, ಮಚ್ಚೆ ಹೋಗುವುದಿಲ್ಲ. ಅದು ಒಣಚರ್ಮದ ಸೌಮ್ಯ ಇಸುಬು. ಮನೆಯ ಕೊಬ್ಬರಿ ಎಣ್ಣೆಯ ಪಸೆ ಉಪಯೋಗಕ್ಕೆ ಬರುವುದು ಇಲ್ಲಿ.

ಕುಷ್ಠದ ಮಚ್ಚೆ ಬೇರೆಯೇ. ಅದು ಹಾಲುಬಿಳಿ ಆಗುವುದಿಲ್ಲ, ಸುತ್ತಲಿನ ಬಣ್ಣಕ್ಕಿಂತ ಮಾಸಲು ಅಥವಾ ನಸುಗೆಂಪು, ಅಷ್ಟೇ. ಅಲ್ಲಿ ಬೆವರು ಕಡಿಮೆ, ಕೂದಲು ವಿರಳ, ಮುಖ್ಯವಾಗಿ ಸ್ಪರ್ಶ ತಿಳಿಯುವುದಿಲ್ಲ. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮುಟ್ಟಿ, "ಎಲ್ಲಿ ಮುಟ್ಟಿದೆ?" ಎಂದು ಕೇಳಿ. ತೊನ್ನಿನವರು ಕರಾರುವಾಕ್ಕಾಗಿ ಬೆರಳಿಟ್ಟು ತೋರಿಸುತ್ತಾರೆ. ತೊನ್ನಿನಲ್ಲಿ ಹೋಗುವುದು ಬಣ್ಣ ಮಾತ್ರ, ನರಕ್ಕೆ ಏನೂ ಆಗಿರುವುದಿಲ್ಲ. ಕುಷ್ಠವೇ ಆಗಿದ್ದರೂ ಎದೆಗುಂದಬೇಕಾದ ಕಾಲ ಹೋಗಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆರು ತಿಂಗಳಿಂದ ಒಂದು ವರ್ಷದ ಮಾತ್ರೆ ಪುಕ್ಕಟೆ ಸಿಗುತ್ತದೆ, ಗುಣವೂ ಆಗುತ್ತದೆ. ವಿಚ್ಛೇದನಕ್ಕೆ ಕುಷ್ಠ ಒಂದು ಕಾರಣ ಎಂದಿದ್ದ ಸಾಲನ್ನು ಸಂಸತ್ತು 2019ರಲ್ಲಿ ವೈಯಕ್ತಿಕ ಕಾನೂನುಗಳಿಂದ ತೆಗೆದುಹಾಕಿದೆ. ತೊನ್ನಂತೂ ಆ ಪಟ್ಟಿಯಲ್ಲಿ ಯಾವತ್ತೂ ಇರಲಿಲ್ಲ. ಕುಷ್ಠದ ಭಯವನ್ನು ಅದರ ತಲೆಗೂ ಕಟ್ಟಿದ್ದು ನಾವು.

ಹಾಗಾದರೆ ತೊನ್ನು ಎಂದರೇನು? ಮೈಯ ರಕ್ಷಣಾ ಪಡೆ ತನ್ನದೇ ಮೆಲನೋಸೈಟ್‌ಗಳನ್ನು ಶತ್ರುವೆಂದು ತಿಳಿದು ಹೊಡೆಯುವುದು. ಅಂಟುವ ಮಾತೇ ಇಲ್ಲ. ಜಗತ್ತಿನಲ್ಲಿ ನೂರಕ್ಕೆ ಅರ್ಧದಿಂದ ಎರಡು ಮಂದಿಗೆ ಇದೆ ಎಂದು ಅಂದಾಜು, ಅವರಲ್ಲಿ ಅರ್ಧದಷ್ಟು ಜನಕ್ಕೆ ಇಪ್ಪತ್ತು ತುಂಬುವ ಮೊದಲೇ ಶುರುವಾಗಿರುತ್ತದೆ. ಥೈರಾಯ್ಡ್ ಗ್ರಂಥಿಯ ಮೇಲೂ ಇದೇ ತರಹದ ದಾಳಿ ಜೊತೆಜೊತೆಗೆ ನಡೆಯಬಹುದಾದ್ದರಿಂದ ವೈದ್ಯರು ಥೈರಾಯ್ಡ್ ರಕ್ತಪರೀಕ್ಷೆ ಬರೆಯುತ್ತಾರೆ. ಅದನ್ನು ದುಡ್ಡು ಕೀಳುವ ಹಂಚಿಕೆ ಎಂದು ಹಾರಿಸಬೇಡಿ.

ಚರ್ಮಕ್ಕೆ ಗಾಯ, ಉಜ್ಜಾಟ ಆದ ಕಡೆ ಹೊಸ ಮಚ್ಚೆ ಏಳುವುದು ಇದರ ಗುಣ. ಉಡಿದಾರ ಕಟ್ಟುವ ಸೊಂಟ, ಲಂಗದ ಲಾಡಿ ಬಿಗಿಯುವ ಜಾಗ, ಮರ ಹತ್ತುವವರ ಮುಂಗಾಲು ಮತ್ತು ಪಾದದ ಮೇಲ್ಭಾಗ, ಕಾಯಿ ಸುಲಿಯುವವರ ಬೆರಳ ಗೆಣ್ಣು. ತೊನ್ನು ಹಬ್ಬುತ್ತಿರುವಾಗ ಲಾಡಿಗೆ ಬದಲು ಅಗಲ ಪಟ್ಟಿಯ ಲಂಗ ಉಟ್ಟರೂ ಅದೊಂದು ಚಿಕಿತ್ಸೆಯೇ. ನಮ್ಮಲ್ಲಿ ಇನ್ನೊಂದು ಅಪಾಯವಿದೆ: ಕರಟ ಸುಟ್ಟು ಇಳಿಸುವ ಎಣ್ಣೆ. ಹುಳುಕಡ್ಡಿಗೆಂದು ಹಚ್ಚುವ ಆ ಕಪ್ಪನೆ ಎಣ್ಣೆಯನ್ನು ಬಿಳಿ ಮಚ್ಚೆಗೂ ಬಳಿಯುತ್ತಾರೆ. ಅದರಲ್ಲಿ ಫೀನಾಲುಗಳು ಧಾರಾಳ. ಸುಟ್ಟು ಗುಳ್ಳೆಯೆದ್ದ ಚರ್ಮ ಮಚ್ಚೆಗೆ ಹೊಸ ನೆಲ ಹದ ಮಾಡಿ ಕೊಟ್ಟ ಹಾಗೆ.

ತೊನ್ನಿನಲ್ಲಿ ಎಲ್ಲರೂ ಮಚ್ಚೆಯ ಅಗಲ ಅಳೆಯುತ್ತಾರೆ. ನೋಡಬೇಕಾದ್ದು ಅದರೊಳಗಿನ ಕೂದಲನ್ನು. ಮಚ್ಚೆ ಬೆಳಕಿಗೆ ಹಿಡಿದು ನೋಡಿ: ಅದರಲ್ಲಿರುವ ನವಿರು ಕೂದಲು ಕಪ್ಪಗಿದೆಯೋ, ಅದೂ ಬೆಳ್ಳಗಾಗಿದೆಯೋ? ಚರ್ಮದ ಮೇಲ್ಪದರದ ಮೆಲನೋಸೈಟ್‌ಗಳೆಲ್ಲ ಸತ್ತರೂ ಕೂದಲ ಬುಡದ ಆಳದಲ್ಲಿ ಅವುಗಳ ಮೂಲಕೋಶಗಳು ಬಚಾವಾಗಿ ಉಳಿದಿರುತ್ತವೆ. ಚಿಕಿತ್ಸೆ ಹಿಡಿದಾಗ ಬಣ್ಣ ಅಂಚಿನಿಂದ ಒಳಕ್ಕೆ ಹರಿದು ಬರುವುದಕ್ಕಿಂತ ಹೆಚ್ಚಾಗಿ ಒಂದೊಂದು ಕೂದಲ ಸುತ್ತ ಸಾಸಿವೆ ಗಾತ್ರದ ಕಂದು ಚುಕ್ಕೆಯಾಗಿ ಮೇಲೇಳುತ್ತದೆ. ಚುಕ್ಕೆಗಳು ಹಿಗ್ಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಮೊದಲ ಚುಕ್ಕೆ ಕಾಣಲು ಎರಡು ಮೂರು ತಿಂಗಳು ಬೇಕು. ಅದನ್ನು ಕಂಡ ತಾಯಂದಿರು ಮಗುವಿನ ಕಾಲನ್ನು ಪದೇ ಪದೇ ಕಿಟಕಿಗೆ ಹಿಡಿದು ನೋಡುತ್ತಾರೆ. ಕೂದಲೂ ಬೆಳ್ಳಗಾಗಿದ್ದರೆ ಆ ಉಗ್ರಾಣ ಬರಿದಾಗಿದೆ ಎಂದರ್ಥ, ಮುಲಾಮು ಬೆಳಕುಗಳಿಗೆ ಅದು ಬಗ್ಗುವುದು ಕಷ್ಟ. ಕೂದಲೇ ಇಲ್ಲದ ತುಟಿ, ಬೆರಳ ತುದಿ, ಅಂಗೈಗಳು ಹಟ ಮಾಡುವುದೂ ಇದೇ ಕಾರಣಕ್ಕೆ. ಮುಖ, ಕುತ್ತಿಗೆಗಳು ಎಲ್ಲಕ್ಕಿಂತ ಬೇಗ ಒಲಿಯುತ್ತವೆ.

ಕಪ್ಪು ಕೂದಲು ಕಾಯುತ್ತಾ ಕೂರುವುದಿಲ್ಲ. ಹೈಸ್ಕೂಲಿನಲ್ಲಿ ಪಾದದ ಮೇಲೆ ಕಂಡದ್ದನ್ನು ಚಪ್ಪಲಿ ಗಾಯ ಎಂದು ತೇಲಿಸುತ್ತಾರೆ. ಪಿಯುಸಿಗೆ ಮೊಣಕಾಲಿಗೆ ಬಂದಾಗ ಉದ್ದ ಲಂಗ, ಕೈಗೆ ಬಂದಾಗ ತುಂಬುತೋಳು. ಚರ್ಮದ ಡಾಕ್ಟರ ಬಾಗಿಲಲ್ಲಿ ಪರಿಚಯದವರು ಕಂಡರೆ ಸುದ್ದಿಯಾಗುತ್ತದೆ ಎಂಬ ಅಂಜಿಕೆ. ಗಂಡು ನೋಡಲು ಶುರುಮಾಡಿದಾಗ ಮನೆಯವರಿಗೆ ದಿಢೀರನೆ ಅವಸರ ಹತ್ತುತ್ತದೆ: "ಮಾಘಕ್ಕೆ ಮದುವೆ, ಅಷ್ಟರೊಳಗೆ ಹೋಗಿಸಿ ಕೊಡಿ ಡಾಕ್ಟ್ರೇ." ಅಷ್ಟರಲ್ಲಿ ಕೂದಲು ನರೆತಿರುತ್ತದೆ.

ಈ ನಡುವಿನ ವರ್ಷಗಳಲ್ಲಿ ಏನೂ ಮಾಡಿರುವುದಿಲ್ಲ ಅಂತಲ್ಲ. "ಯಾವ ಹಾವು ಹೊಡುದ್ರೋ" ಎಂಬ ಮಾತು ಮೊದಲು ಬರುತ್ತದೆ. ಅರಳಿಕಟ್ಟೆಯ ನಾಗರಕಲ್ಲಿಗೆ ಹಾಲು, ಆಮೇಲೆ ಘಾಟಿ, ಅಲ್ಲಿಂದ ಕುಕ್ಕೆ. ತೆಂಗಿನ ತೋಟದಲ್ಲಿ ಬೇಸಾಯ ಮಾಡಿ ಒಂದಾದರೂ ಹಾವು ಹೊಡೆಯದ ಮನೆ ಈ ಮೂರು ತಾಲ್ಲೂಕಿನಲ್ಲಿ ಎಷ್ಟಿದೆ? ಆ ಲೆಕ್ಕ ನಿಜವಾಗಿದ್ದರೆ ನಾವೆಲ್ಲ ಬೆಳ್ಳಗಿರಬೇಕಿತ್ತು. ಹರಕೆಗೆ ನನ್ನ ತಕರಾರಿಲ್ಲ, ಅದಕ್ಕೆ ಹಿಡಿಯುವ ವರ್ಷಕ್ಕೆ ತಕರಾರು. ನಂತರ ಪಥ್ಯ. ಹುಣಸೆಹುಳಿ ಬೇಡ, ನಿಂಬೆ ಬೇಡ, ಮೊಸರು ಬೇಡ, ಮೀನು ತಿಂದ ದಿನ ಹಾಲು ಬೇಡ. ಮನೆಮಂದಿಯೆಲ್ಲ ಮುದ್ದೆಗೆ ಹುಳಿಸಾರು ಹಾಕಿಕೊಂಡು ಉಣ್ಣುವಾಗ ಹದಿನಾಲ್ಕರ ಹುಡುಗಿಯೊಬ್ಬಳು ಮುದ್ದೆಯನ್ನು ಬರೀ ಹಾಲಿನಲ್ಲಿ ಕಿವುಚಿಕೊಳ್ಳುತ್ತಾಳೆ. ಹುಳಿಗೂ ತೊನ್ನಿಗೂ ಸಂಬಂಧ ತೋರಿಸಿದ ಪುರಾವೆ ಇಲ್ಲ.

ಆದರೆ ಹಳೆಯದೆಲ್ಲ ಹುಸಿ ಎನ್ನುವ ಹುಮ್ಮಸ್ಸಿಗೆ ಬಾವಂಚಿ ಕಡಿವಾಣ ಹಾಕುತ್ತದೆ. ಗ್ರಂಧಿಗೆ ಅಂಗಡಿಯಲ್ಲಿ ಕೇಳಿದರೆ ಕಪ್ಪಗೆ, ಹುರುಳಿಗಿಂತ ಚಿಕ್ಕದಾದ, ಮೂಗಿಗೆ ಘಾಟು ಹೊಡೆಯುವ ಬೀಜವನ್ನು ಕಾಗದದಲ್ಲಿ ಕಟ್ಟಿ ಕೊಡುತ್ತಾರೆ. ಸಂಸ್ಕೃತ ವೈದ್ಯಗ್ರಂಥಗಳ ಬಾಕುಚಿ ಇದೇ. ಅರೆದು ಮಚ್ಚೆಗೆ ಹಚ್ಚಿ ಬಿಸಿಲಿಗೆ ಕೂರುವುದು ಬಹಳ ಹಳೆಯ ರೂಢಿ. ಅಥರ್ವವೇದದ ಮೊದಲ ಕಾಂಡದಲ್ಲೇ ಬಿಳಿ ಮಚ್ಚೆಯನ್ನೂ ನರೆಗೂದಲನ್ನೂ ಒಟ್ಟಿಗೆ ಹೋಗಲಾಡಿಸು ಎಂದು ಮೂಲಿಕೆಯನ್ನು ಬೇಡುವ ಸೂಕ್ತವಿದೆ. ಚರ್ಮದ ಬಣ್ಣ, ಕೂದಲ ಬಣ್ಣ ಎರಡಕ್ಕೂ ಒಂದೇ ಬೇರು ಎಂಬುದನ್ನು ಅವರು ಹೇಗೋ ಗುರುತಿಸಿದ್ದಂತಿದೆ. ಈಜಿಪ್ಟಿನಲ್ಲೂ ನೈಲ್ ದಂಡೆಯ ಬೇರೊಂದು ಗಿಡದ ಬೀಜವನ್ನು ಇದೇ ರೀತಿ ಬಿಸಿಲಿನೊಡನೆ ಬಳಸುತ್ತಿದ್ದರು. 13ನೇ ಶತಮಾನದ ಇಬ್ನ್ ಅಲ್ ಬೈತಾರ್ ಅದನ್ನು ಬರೆದಿಟ್ಟಿದ್ದಾನೆ.

ಬೀಜದೊಳಗೆ ಕೆಲಸ ಮಾಡುವ ಸತ್ವ ಯಾವುದು ಎಂದು ಬಿಡಿಸಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜು. ಆಗ ಅದು ಮೈಸೂರು ವಿಶ್ವವಿದ್ಯಾನಿಲಯದ ಭಾಗ. 1933ರಲ್ಲಿ ಎಚ್.ಎಸ್. ಜೋಯಿಸ್, ಬಿ.ಎಲ್. ಮಂಜುನಾಥ್ ಮತ್ತು ಎಸ್. ವೆಂಕಟರಾವ್ ಬಾವಂಚಿ ಬೀಜದ ರಾಸಾಯನಿಕ ವಿಶ್ಲೇಷಣೆಯನ್ನು ಭಾರತೀಯ ರಸಾಯನಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಬೇರ್ಪಡಿಸಿದ ಹರಳಿಗೆ ಸೊರಾಲೆನ್ ಎಂಬ ಹೆಸರು ನಿಂತಿತು. 1940ರ ದಶಕದಲ್ಲಿ ಕೈರೋದ ಅಬ್ದೆಲ್ ಮೊನೆಮ್ ಎಲ್ ಮೊಫ್ತಿ ಈಜಿಪ್ಟಿನ ಗಿಡದಿಂದ ತೆಗೆದ ಸಂಬಂಧಿ ಹರಳನ್ನು ತೊನ್ನಿನ ರೋಗಿಗಳ ಮೇಲೆ ಪ್ರಯೋಗಿಸಿದರು. 1974ರಲ್ಲಿ ಬಾಸ್ಟನ್ನಿನ ವೈದ್ಯರು ಸೊರಾಲೆನ್ ಮಾತ್ರೆ ಮತ್ತು ನೇರಳಾತೀತ ಎ ಕಿರಣದ ಜೋಡಿಯನ್ನು ಸೋರಿಯಾಸಿಸ್ಸಿಗೆ ಬಳಸಿ ಜಗತ್ತಿಗೆ ಪರಿಚಯಿಸಿದರು. ನಮ್ಮ ಹೊಲದ ಬದುವಿನ ಕಳೆಗಿಡವೊಂದು ಆಧುನಿಕ ಬೆಳಕಿನ ಚಿಕಿತ್ಸೆಯ ಮುನ್ನುಡಿಯಲ್ಲಿದೆ. ಇದನ್ನು ನಮ್ಮ ಶಾಲಾ ಪಠ್ಯಗಳಲ್ಲಿ ಎಲ್ಲಿಯೂ ಕಂಡ ನೆನಪು ನನಗಿಲ್ಲ.

ಸೊರಾಲೆನ್ ಜೀವಕೋಶದ ಡಿಎನ್‌ಎ ಎಳೆಗಳ ನಡುವೆ ನುಸುಳಿ ಕೂರುತ್ತದೆ, ನೇರಳಾತೀತ ಕಿರಣ ಬಿದ್ದ ಕ್ಷಣ ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ. ದಾಳಿ ಮಾಡುವ ಕೋಶಗಳು ತಣ್ಣಗಾಗುತ್ತವೆ, ಕೂದಲ ಬುಡದ ಮೆಲನೋಸೈಟ್‌ಗಳು ಎಚ್ಚರಗೊಳ್ಳುತ್ತವೆ. ಲೆಕ್ಕ ತಪ್ಪಿದರೆ ಸುಡುವುದೂ ಅದೇ. ಅಂಜೂರದ ಹಾಲು, ನಿಂಬೆಯ ಸಿಪ್ಪೆ ತಾಗಿದ ಚರ್ಮ ಬಿಸಿಲಿಗೆ ಗುಳ್ಳೆಯೇಳುವುದು ಅವುಗಳಲ್ಲಿರುವ ಇದೇ ಕುಲದ ವಸ್ತುಗಳಿಂದ. ಬಾವಂಚಿ ಎಣ್ಣೆ ಬಳಿದು ಏಪ್ರಿಲ್ ಬಿಸಿಲಿಗೆ ಅಂಗಳದಲ್ಲಿ ಕೂತವರ ಕಾಲಿಗೆ ಕುದಿನೀರು ಬಿದ್ದಂತೆ ಬೊಬ್ಬೆ ಬರುತ್ತದೆ. ಬೀಜದ ಪುಡಿಯನ್ನು ತಿಂಗಳಾನುಗಟ್ಟಲೆ ತಿಂದು ಯಕೃತ್ತು ಕೆಡಿಸಿಕೊಂಡವರ ವರದಿಗಳೂ ವೈದ್ಯ ಪತ್ರಿಕೆಗಳಲ್ಲಿವೆ. ಅಳತೆ ಗೊತ್ತಿಲ್ಲದೆ ಮನೆಯಲ್ಲಿ ಮಾಡುವ ಕೆಲಸ ಇದಲ್ಲ.

ಈಗ ಮಾತ್ರೆಯ ಹಂಗಿಲ್ಲದ ಬೆಳಕು ಬಂದಿದೆ. 311 ನ್ಯಾನೊಮೀಟರ್ ಆಸುಪಾಸಿನ ನೇರಳಾತೀತ ಬಿ ಕಿರಣವನ್ನು ತೊನ್ನಿಗೆ ಬಳಸಿದ ಮೊದಲ ವರದಿ 1997ರಲ್ಲಿ ನೆದರ್ಲೆಂಡ್ಸಿನಿಂದ ಬಂತು. ಇವತ್ತು ಮುಖ್ಯ ಚಿಕಿತ್ಸೆ ಅದೇ; ಮಕ್ಕಳಿಗೂ ಬಸುರಿಯರಿಗೂ ಕೊಡಬಹುದು. ತೊಂದರೆ ದಾರಿಯದು. ವಾರಕ್ಕೆ ಎರಡು ಮೂರು ಸಲ, ಅದೂ ಆರು ತಿಂಗಳೋ ವರ್ಷವೋ. ಬೆಳಕಿನ ಪೆಟ್ಟಿಗೆಯೊಳಗೆ ನಿಲ್ಲುವುದು ಕೆಲವೇ ನಿಮಿಷ, ಅದಕ್ಕಾಗಿ ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿಯಿಂದ ತುಮಕೂರಿಗೆ ಹೋಗಿಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಗುತ್ತದೆ. ತಿಪಟೂರಿನವರಿಗಾದರೂ ಬೆಂಗಳೂರು ರೈಲಿದೆ. ಮೂರನೇ ತಿಂಗಳಿಗೆ ಬಿಟ್ಟುಬಿಡುವವರೇ ಹೆಚ್ಚು. ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರಗಳು ಬಂದಿವೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದಿಟ್ಟು ನರ್ಸ್‌ಗೆ ತರಬೇತಿ ಕೊಟ್ಟರೆ ಈ ಓಡಾಟದ ಅರ್ಧ ತಪ್ಪುತ್ತದೆ. ಕೊಬ್ಬರಿ ಬೆಂಬಲ ಬೆಲೆಗೆ ಬೀದಿಗಿಳಿಯುವ ನಾವು ಇದನ್ನು ಕೇಳಿದ್ದೇವೆಯೇ?

ಮಚ್ಚೆ ರಭಸದಿಂದ ಹಬ್ಬುತ್ತಿದ್ದರೆ ವಾರಕ್ಕೆ ಎರಡೇ ದಿನ ಸ್ಟಿರಾಯ್ಡ್ ಮಾತ್ರೆ ಕೊಟ್ಟು ತಡೆಯುವ ಕ್ರಮವಿದೆ. ಅದನ್ನು ರೂಪಿಸಿದವರು ದೆಹಲಿಯ ಏಮ್ಸಿನ ಜೆ.ಎಸ್. ಪಸ್ರೀಚ. ನಿಂತ ಮಚ್ಚೆಗೆ ಕಸಿ ಉಂಟು. ತೊಡೆಯ ಕಾಗದದಷ್ಟು ತೆಳು ಚರ್ಮ ಎತ್ತಿ ಮಚ್ಚೆಯ ಮೇಲೆ ಕೂರಿಸುವುದನ್ನು ಪಿ.ಎನ್. ಬೆಹ್ಲ್ 1964ರಲ್ಲೇ ವರದಿ ಮಾಡಿದ್ದರು. ಈಗ ಆ ಚರ್ಮದ ಕೋಶಗಳನ್ನೇ ಬಿಡಿಸಿ ದ್ರವವಾಗಿ ಹರಡುತ್ತಾರೆ, ಚಿಕ್ಕ ತುಂಡಿನಿಂದ ಹತ್ತು ಪಟ್ಟು ಜಾಗ ತುಂಬುತ್ತದೆ. ವರ್ಷವಿಡೀ ಹೊಸ ಮಚ್ಚೆ ಬಂದಿರಬಾರದು ಎಂಬುದು ಷರತ್ತು. ಮೈಯ ಒಂದೇ ಮಗ್ಗುಲಿಗೆ ಪಟ್ಟಿಯಂತೆ ಬಂದು ಬೇಗ ನಿಲ್ಲುವ ತೊನ್ನಿಗೆ ಇದು ಹೇಳಿ ಮಾಡಿಸಿದ ವಿಧಾನ. ಒಳಗೆ ನಡೆಯುವ ದಾಳಿಯ ಸಂಕೇತವನ್ನೇ ಕತ್ತರಿಸುವ ರುಕ್ಸೊಲಿಟಿನಿಬ್ ಮುಲಾಮಿಗೆ 2022ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಆ ಕುಲದ ಔಷಧಗಳು ಇಲ್ಲಿಯೂ ಬಳಕೆಗೆ ಬರುತ್ತಿವೆ, ಚೀಟಿ ಬರೆಯಬೇಕಾದವರು ಮಾತ್ರ ಚರ್ಮವೈದ್ಯರೇ.

ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ, ಲಾಡ್ಜಿನ ರೂಮಿನಲ್ಲಿ ತಿಂಗಳಿಗೊಂದು ದಿನ ಕೂತು "ತೊನ್ನು ಗ್ಯಾರಂಟಿ ವಾಸಿ" ಎನ್ನುವವರ ವಿಚಾರ ಒಂದೇ ಮಾತಿನಲ್ಲಿ ಮುಗಿಸಬಹುದು: 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ತೊನ್ನೂ ಇದೆ. ಆ ಜಾಹೀರಾತೇ ಅಪರಾಧ.

ಕೂದಲಿನದು ಬೇರೆ ಕತೆ. ಇಪ್ಪತ್ತೈದರೊಳಗೆ ನರೆತರೆ ಬಾಲನೆರೆ, ಬಹುಪಾಲು ವಂಶದಿಂದ ಬಂದದ್ದು. ಆದರೆ ಮಾಂಸ ಮೊಟ್ಟೆ ಮುಟ್ಟದ ಮನೆಗಳು ಹಲವಿರುವ ನಮ್ಮ ಕಡೆ ಬಿ12 ಜೀವಸತ್ವದ ಕೊರತೆ ಸಾಮಾನ್ಯ. ಅದು ಕೂದಲನ್ನು ಬೆಳ್ಳಗೂ ಬೆರಳ ಗೆಣ್ಣುಗಳನ್ನು ಕಪ್ಪಗೂ ಮಾಡುತ್ತದೆ. ಹಾಲು ಮೊಸರು ಚೆನ್ನಾಗಿ ಉಂಡರೆ ಸ್ವಲ್ಪ ಸಿಗುತ್ತದೆ. ಹಾಲನ್ನೆಲ್ಲ ಡೇರಿಗೆ ಹಾಕಿ ಕಾಫಿಗೆ ಮಾತ್ರ ಉಳಿಸಿಕೊಳ್ಳುವ ಮನೆಯಲ್ಲಿ ಅದೂ ಇಲ್ಲ. ರಕ್ತ ನೋಡಿಸಿ ಕೊರತೆ ತುಂಬಿದರೆ ಈ ಬಗೆಯ ನರೆ ಹಿಂದಕ್ಕೆ ತಿರುಗುವುದುಂಟು.

ಹುಟ್ಟಿದಾಗಿನಿಂದ ಮುಂದಲೆಯಲ್ಲೊಂದು ಬಿಳಿ ಜೊಂಪೆ ಇದ್ದರೆ ಊರಿನವರು ಅದೃಷ್ಟ ಎನ್ನುತ್ತಾರೆ. ಅಜ್ಜ, ಅಪ್ಪ, ಮಗ ಮೂವರಿಗೂ ಅದೇ ಜಾಗದಲ್ಲಿ ಇರುವ ಮನೆಗಳಿವೆ. ಭ್ರೂಣದಲ್ಲಿ ಮೆಲನೋಸೈಟ್‌ಗಳು ಬೆನ್ನಿನ ಕಡೆಯಿಂದ ಹೊರಟು ಮೈಯೆಲ್ಲ ಹರಡುವಾಗ ಹಣೆಯ ಮಧ್ಯ, ಹೊಟ್ಟೆಯ ನಡುಭಾಗಗಳನ್ನು ಕೊನೆಗೆ ತಲುಪುತ್ತವೆ, ಕೆಲವು ಮನೆತನಗಳಲ್ಲಿ ತಲುಪುವುದೇ ಇಲ್ಲ. ಅಷ್ಟೇ ಆದರೆ ಬಾಧಕವಿಲ್ಲ. ಬಿಳಿ ಜೊಂಪೆಯ ಜೊತೆಗೆ ಕಣ್ಣು ನೀಲಿಯಾಗಿದ್ದರೆ, ಅಥವಾ ಒಂದು ನೀಲಿ ಒಂದು ಕಪ್ಪು ಇದ್ದರೆ ಮಾತ್ರ ಕಿವಿಯ ಕಡೆ ಗಮನ ಕೊಡಿ. ಕಿವಿಯ ಒಳಭಾಗದ ಕೆಲಸಕ್ಕೂ ಮೆಲನೋಸೈಟ್ ಬೇಕು. 1951ರಲ್ಲಿ ಡಚ್ ಕಣ್ಣಿನ ವೈದ್ಯ ವಾರ್ಡನ್‌ಬರ್ಗ್ ವಿವರಿಸಿದ ಸ್ಥಿತಿ ಇದು. ಅಂಥ ಕೂಸು ಎರಡು ವರ್ಷವಾದರೂ ಮಾತಾಡಲಿಲ್ಲ ಎಂದು ಗೊತ್ತಾಗುವವರೆಗೆ ಕಾಯಬಾರದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಹಸುಗೂಸಿನ ಶ್ರವಣ ಪರೀಕ್ಷೆಯೂ ಆಗುತ್ತದೆ.

ಇನ್ನು ಪೂರಾ ಬೆಳ್ಳಗೆ, ಹೊಂಗೂದಲಿನೊಡನೆ ಹುಟ್ಟುವ ಮಕ್ಕಳು. ತೆಂಗಿನ ಸಸಿಮಡಿ ಮಾಡಿದವರು ಅಪರೂಪಕ್ಕೆ ಅಚ್ಚ ಬಿಳಿಯ ಮೊಳಕೆ ಕಂಡಿರುತ್ತೀರಿ. ಹಸಿರಿಲ್ಲದ ಆ ಸಸಿ ಕಾಯೊಳಗಿನ ತಿರುಳು ಮುಗಿಯುವವರೆಗೆ ಬದುಕಿ ಒಣಗುತ್ತದೆ. ಮೆಲನಿನ್ ಇಲ್ಲದ ಮಗುವಿಗೆ ಅಂಥ ಗಂಡಾಂತರವಿಲ್ಲ. ಆಲ್ಬಿನಿಸಂನಲ್ಲಿ ಮೆಲನೋಸೈಟ್‌ಗಳು ಇರುತ್ತವೆ, ಬಣ್ಣ ಮಾಡುವ ಸಾಮರ್ಥ್ಯ ಮಾತ್ರ ಹುಟ್ಟಿನಿಂದಲೇ ಇಲ್ಲ. ಜಗತ್ತಿನಲ್ಲಿ ಹದಿನೇಳರಿಂದ ಇಪ್ಪತ್ತು ಸಾವಿರಕ್ಕೊಬ್ಬರು ಎಂಬ ಅಂದಾಜು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ವಯಸ್ಸಾದಂತೆ ಚರ್ಮದ ಕ್ಯಾನ್ಸರ್ ಬರುವ ಅಪಾಯ ಹೆಚ್ಚು. ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ ಬೇಕು. ಅದಕ್ಕಿಂತ ದೊಡ್ಡ ತೊಡಕು ಕಣ್ಣಿನದು. ಬೆಳಕು ಸಹಿಸುವುದಿಲ್ಲ, ಗುಡ್ಡೆ ಅತ್ತಿತ್ತ ಕುಣಿಯುತ್ತದೆ, ಕರಿಹಲಗೆ ಕಾಣುವುದಿಲ್ಲ. ಶಾಲೆಯಲ್ಲಿ ಇಂಥ ಹುಡುಗನಿಗೆ ದಡ್ಡ ಎಂಬ ಹೆಸರು ಬೀಳುವುದು ಹೀಗೆ. ಕನ್ನಡಕ ಕೊಡಿಸಿ, ಮೊದಲ ಬೆಂಚಿನಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂರಿಸಿ, ದೊಡ್ಡಕ್ಷರದ ಪುಸ್ತಕ ಕೊಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಂದದೃಷ್ಟಿ ಸೇರಿದೆ. ದೃಷ್ಟಿಯ ಕೊರತೆ ನಿಗದಿತ ಮಟ್ಟದಲ್ಲಿದ್ದರೆ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಎಲ್ಲಕ್ಕೂ ದಾರಿಯಿದೆ.

ಮದುವೆ ಮಾತುಕತೆಗಳಲ್ಲಿ ನಾನು ಕಂಡ ವಿಚಿತ್ರ ಇಲ್ಲಿದೆ. ಹೆಣ್ಣಿನ ಚಿಕ್ಕಮ್ಮನ ಕೈಮೇಲೆ ಬಿಳಿ ಮಚ್ಚೆ ಇದೆಯಂತೆ ಎಂಬ ಗುಸುಗುಸು ಸಾಕು, ಸಂಬಂಧ ಮುರಿಯುತ್ತದೆ. ಮಹೇಶ್ ಗೌಡರ 'ಬಿಳಿಚುಕ್ಕಿ ಹಳ್ಳಿಹಕ್ಕಿ' ಎಂಬ ಸಿನಿಮಾ ತೊನ್ನಿನ ವಸ್ತುವನ್ನು ಕನ್ನಡದ ತೆರೆಗೆ ತಂದಿದೆ, ಚಪ್ಪರದ ಕೆಳಗಿನ ಮಾತು ಬದಲಾಗಲು ಅಷ್ಟು ಸಾಲದು. ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗೇ ತೊನ್ನಿದ್ದರೂ ಮಗುವಿಗೆ ಬರುವ ಸಂಭವ ನೂರರಲ್ಲಿ ಐದಾರು, ಅಷ್ಟೇ. ಬಂದರೂ ಮೈಯ ಬಣ್ಣ ಬಿಟ್ಟು ಬೇರೇನೂ ಹೋಗುವುದಿಲ್ಲ. ಅದೇ ಜಗಲಿಯ ಮೇಲೆ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಮಾತು ಬಂದರೆ ಎಲ್ಲರಿಗೂ ಹಿಗ್ಗು. ತೋಟ ಒಡೆಯುವುದಿಲ್ಲ, ಒಡವೆ ಆಚೆ ಹೋಗುವುದಿಲ್ಲ. ಆಲ್ಬಿನಿಸಂ ತರುವ ಜೀನ್ ಎರಡೂ ಕಡೆಯಿಂದ ಬಂದರೆ ಮಾತ್ರ ಪ್ರಕಟವಾಗುತ್ತದೆ, ಒಂದು ಕಡೆಯಿಂದ ಬಂದದ್ದು ತಲೆಮಾರುಗಟ್ಟಲೆ ಸದ್ದಿಲ್ಲದೆ ಅಡಗಿರುತ್ತದೆ. ಸೋದರಮಾವ, ಸೊಸೆಯರ ಜೀನುಗಳಲ್ಲಿ ಕಾಲು ಭಾಗ ಒಂದೇ. ಅತ್ತೆ ಮಗಳು, ಮಾವನ ಮಗಳಾದರೆ ಎಂಟನೆಯ ಒಂದು ಭಾಗ. ಅಡಗಿದ್ದವು ಜೊತೆಯಾಗುವ ಅವಕಾಶ ಅಲ್ಲಿ ಹೆಚ್ಚು. ಇಬ್ಬರಲ್ಲೂ ಅದಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಸಂಭವ. ಕರ್ನಾಟಕದಲ್ಲಿ ಇವತ್ತಿಗೂ ನಾಲ್ಕರಲ್ಲೊಂದು ಮದುವೆಯ ಆಸುಪಾಸು ರಕ್ತಸಂಬಂಧದಲ್ಲೇ ನಡೆಯುತ್ತದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಬೆಳ್ಳಗೆ ಹುಟ್ಟಿದ ಮಗು ಈಗಾಗಲೇ ಇರುವ ಮನೆತನದವರು ಮತ್ತೊಂದು ಸೋದರ ಸಂಬಂಧ ಬೆಳೆಸುವ ಮುಂಚೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿರುವ ಜೀನ್ ಸಲಹಾ ವಿಭಾಗಕ್ಕೆ ಹೋಗಿ ಕೇಳಬಹುದು. ಚಿಕ್ಕಮ್ಮನ ಕೈ ನೋಡುವಷ್ಟು ಆಸ್ಥೆಯಿಂದ ಯಾರೂ ಅದನ್ನು ಕೇಳುವುದಿಲ್ಲ.